ಹಿಂದೊಂದು, ಮುಂದೊಂದು, ಕೈಯಲ್ಲಿ ಚೀಲ

ಗಡಹಿಂಗ್ಲಜ
೨೦ ಜೂನ್ ೨೦೨೫

ಜೈ ಜಿನೇಂದ್ರ.

ಸೊಸೆ ರುಪಾಲಿಗೆ ಅತ್ತೆ ರತ್ನಮಾಲಾಳ ಆಶೀರ್ವಾದ. ಸನ್ಮತಿಗೆ ನಾಲ್ಕು ಮುತ್ತು, ಪೂರ್ವಾಗೆ ನಾಲ್ಕು. ಎಣಿಸಿ ಕೊಡು, ಒಬ್ಬಳಿಗೆ ಹೆಚ್ಚಾದರೆ ಇನ್ನೊಬ್ಬಳು ದೊಡ್ಡವಳಾದ ಮೇಲೆ ನನ್ನ ಜತೆ ಜಗಳಕ್ಕೆ ಬಂದಾಳು.

ಹೋದ ವರ್ಷದ ಜ್ವರ ಹೋಗುವಾಗ ನನ್ನ ಎರಡೂ ಕಿವಿಗಳನ್ನು ಒಯ್ದ ಮೇಲೆ ಫೋನು ನನ್ನ ಪಾಲಿಗೆ ಬರೀ ಡಬ್ಬಿ. ಅದರಲ್ಲಿಯೇ ಓದು ಎನ್ನುತ್ತಾನೆ ಅಭಯ. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿಯುತ್ತವೆ. ಕಾಗದವೇ ಚೆಂದ. ನಮ್ಮ ಮನೆಯಲ್ಲಿ ಮಿಕ್ಕವರೆಲ್ಲ ಮರಾಠಿ ಶಾಲೆ ಕಲಿತವರು, ಕನ್ನಡ ಓದುವವರು ನೀನು ಮತ್ತು ನಾನು. ಏನು ಬರೆದುಕೊಂಡರೂ ಮೂರನೆಯವರಿಗೆ ತಿಳಿಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಅಭಯ ಹೊಸ ನಮೂನೆಯ ಮಗ್ಗದ ಕೆಲಸ ಕಲಿಯಲು ಸೂರತ್ತಿಗೆ ಹೋದ. ಬರುವುದು ದೀಪಾವಳಿಗೆ. ಕೆಳಗೆ ನಿಮ್ಮ ನಾಲ್ಕು ಮಗ್ಗ, ಮೇಲೆ ಐದು ತಿಂಗಳ ಎರಡು ಕೂಸು, ನಡುವೆ ಮೆಟ್ಟಿಲು ಹತ್ತಿ ಇಳಿಯುವವಳು ನೀನೊಬ್ಬಳು. ಮಗ್ಗ ನಿಲ್ಲಿಸಿ ಇಲ್ಲಿಗೆ ಬಾ ಎನ್ನಲಾರೆ, ನಿಂತ ಮಗ್ಗಕ್ಕೆ ಯಾರೂ ನೂಲು ಕೊಡುವುದಿಲ್ಲ. ನಾನು ಬಂದು ಇರಲಾರೆ, ನಿನ್ನ ಮಾವನವರ ಬಲಗೈ ಬಿದ್ದ ಮೇಲೆ ತುತ್ತು ನಾನೇ ಹಾಕಬೇಕು. ತವರಿನಲ್ಲಿ ನಿನಗೆ ತಾಯಿಯಿಲ್ಲ. ಆದ್ದರಿಂದ ಒಂದು ಕೂಸನ್ನು ನನಗೆ ಕೊಡು.

ಹೆದರಬೇಡ, ಇದು ನಮ್ಮ ಮನೆಗೆ ಹೊಸದಲ್ಲ. ಅಭಯ, ಧೀರಜ ಅವಳಿ ಹುಟ್ಟಿದಾಗ ನನ್ನ ಅತ್ತೆ ಹೇಳಿದ್ದರು: "ಎರಡ ಕೂಸ ಕಟಗೊಂಡ ಒಬ್ಬಾಕಿ ಸಂತ್ಯಾಗಿಂದ ಉಪ್ಪ ಸುದ್ದಾ ತರಾಕ ಆಗೂದಿಲ್ಲ. ಒಂದನ್ನ ನಿನ್ನ ತವರಮನಿಗೆ ಕಳಸ." ಐದು ತಿಂಗಳಿಗೆ ಧೀರಜನನ್ನು ಮುರಗೂಡಕ್ಕೆ ಕಳಿಸಿದೆ. ಮೂರು ತಿಂಗಳಿಗೆಂದು ಹೋದವನು ಹತ್ತು ವರ್ಷ ಅಲ್ಲಿಯೇ ಬೆಳೆದ. ಏನು ಕಡಿಮೆಯಾಯಿತು ಹೇಳು? ಕೊಲ್ಹಾಪುರದಲ್ಲಿ ಮನೆ ಕಟ್ಟಿಸಿದ್ದಾನೆ, ಮನೀಷಾಳಂಥ ಹೆಂಡತಿ ಇದ್ದಾಳೆ. ಮುರಗೂಡದಲ್ಲಿ ನನ್ನ ತಮ್ಮಂದಿರು ಕರೆದ ಹಾಗೆ ನನ್ನನ್ನು ಅಕ್ಕಾ ಎನ್ನುತ್ತಾನೆ, ಅಷ್ಟೇ.

ಕೂಸಿನ ತಲೆಗೆ ಒಂದು ಕುಂಚಿಗೆ ಹೊಲಿದಿಟ್ಟಿದ್ದೇನೆ, ಹಸಿರು ಖಣದ್ದು, ಅಂಚಿಗೆ ಕೆಂಪು. ಆಗಸ್ಟ್ ಕೊನೆಗೆ ಬರುವ ದಶಲಕ್ಷಣ ಪರ್ವದೊಳಗೆ ಬಂದು ಕರೆದೊಯ್ಯುತ್ತೇನೆ. ಯಾವ ಕೂಸು ಎಂಬುದನ್ನು ನೀನೇ ಆರಿಸು. ಆ ಮಾತು ನನ್ನ ಬಾಯಿಂದ ಬೇಡ.

ನಿನ್ನ ಅತ್ತೆ,
ರತ್ನಮಾಲಾ


ಇಚಲಕರಂಜಿ
೨೯ ಜೂನ್ ೨೦೨೫

ಅತ್ತೆಯವರಿಗೂ ಮಾವನವರಿಗೂ ರುಪಾಲಿಯ ನಮಸ್ಕಾರಗಳು.

ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರೆ. ನೀವು ಕೂಸು ಕೊಡುವ ಮೊದಲೇ ಕುಂಚಿಗೆ ಹೊಲಿದಿದ್ದೀರಿ. ಸಿಟ್ಟಾಗಬೇಡಿ, ನಗೆಯಾಡಿದೆ.

ಆರಿಸು ಎಂದು ಬರೆದಿರಿ. ಕಾಗದ ಬಂದ ದಿನ ಇಬ್ಬರನ್ನೂ ಚಾಪೆಯ ಮೇಲೆ ಹಾಕಿಕೊಂಡು ಕೂತೆ. ಸನ್ಮತಿ ಹಾಲು ಕುಡಿಯುವಾಗ ಕಣ್ಣು ಮುಚ್ಚುತ್ತಾಳೆ. ಪೂರ್ವಾ ಯಾರೋ ಕಸಿಯಲು ಬಂದರೆನ್ನುವಂತೆ ಬಾಗಿಲು ನೋಡುತ್ತ ಕುಡಿಯುತ್ತಾಳೆ. ಒಬ್ಬಳು ತನ್ನ ಕೈ ಎಂದುಕೊಂಡು ಇನ್ನೊಬ್ಬಳ ಹೆಬ್ಬೆರಳು ಚೀಪುತ್ತಾಳೆ, ಆ ಬೆರಳಿನವಳು ಕೊಟ್ಟು ಸುಮ್ಮನೆ ಮಲಗುತ್ತಾಳೆ. ನೋಡುತ್ತ ನೋಡುತ್ತ ಒಲೆಯ ಮೇಲಿನ ಬೇಳೆ ಸೀದುಹೋಯಿತು. ಆರಿಸಲು ಆಗಲಿಲ್ಲ, ಅತ್ತೆ.

ಇನ್ನೊಂದು ವಿಚಾರ ಹೇಳಬೇಕು. ಇವು ಮಗ್ಗದ ಮೇಲೆ ಹುಟ್ಟಿದ ಕೂಸುಗಳು. ಕೆಳಗೆ ಖಟಾಖಟ್ ನಡೆದಿದ್ದರೆ ಇವರಿಗೆ ಗಾಢ ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತವೋ, ಇಬ್ಬರೂ ಒಮ್ಮೆಲೇ ಕಣ್ಣು ಬಿಟ್ಟು ಓಣಿ ಎಬ್ಬಿಸುತ್ತಾರೆ. ಶುಕ್ರವಾರ ನಮ್ಮ ಮಗ್ಗಗಳಿಗೆ ಸೂಟಿ. ಅಂದು ಓಣಿಗೆಲ್ಲ ಶಾಂತಿ, ನಮ್ಮ ಮನೆಯಲ್ಲಿ ಮಾತ್ರ ರಣರಂಪ. ನಿಮ್ಮ ಮನೆಯೋ ಬಸದಿಯಷ್ಟು ಶಾಂತ. ಅಲ್ಲಿ ಕೂಸು ಮಲಗುವುದು ಹೇಗೆ? ಇನ್ನೂ ಒಂದು ಮಾತಿತ್ತು. ಇರಲಿ ಬಿಡಿ.

ಸಂತೆ ಕಿರಾಣಿಯ ತಾಪತ್ರಯ ನಿಜ. ಈಗ ಮಗ್ಗದ ಯಲಗೂರಪ್ಪಜ್ಜ ತಂದುಕೊಡುತ್ತಾನೆ. ನೂಲಿನ ಎಳೆ ಕಡಿದರೆ ಹತ್ತು ಮಾರಿನಿಂದ ಕಂಡುಹಿಡಿಯುವ ಮನುಷ್ಯ, ತೊಗರಿಬೇಳೆ ಹೇಳಿದರೆ ಕಡಲೆಬೇಳೆ ತರುತ್ತಾನೆ. ಮೊನ್ನೆ ಉಪ್ಪಿಗೆ ಕಳಿಸಿದರೆ ಬಟಾಟೆ ತಂದ. ನಾವು ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ ಎಂದರೆ, "ಭಾಳ ಛಲೋ ಇದ್ದೂ ಅಂತ ತಂದ್ನಿರಿ ಬಾಯಾರ" ಎಂದು ನಿಂತ.

ನಿಮ್ಮ ಅತ್ತೆ ಉಪ್ಪೂ ತರಲಾಗದು ಎಂದಿದ್ದರಲ್ಲ. ವಾರದ ಕಿರಾಣಿಯನ್ನು ನಾನೊಬ್ಬಳೇ, ಇಬ್ಬರನ್ನೂ ಕರೆದುಕೊಂಡು ಹೋಗಿ ತಂದರೆ, ಕೂಸು ಕೇಳುವುದನ್ನು ಬಿಡುತ್ತೀರಾ?

ನಿಮ್ಮ ಸೊಸೆ,
ರುಪಾಲಿ


ಗಡಹಿಂಗ್ಲಜ
೮ ಜುಲೈ ೨೦೨೫

ರುಪಾಲಿಗೆ ಆಶೀರ್ವಾದ.

ಅಬ್ಬಾ, ಏನು ಬಾಯಿ ನಿನ್ನದು! ನಾನು ನನ್ನ ಅತ್ತೆಯ ಮುಂದೆ ಸೆರಗು ಸರಿಪಡಿಸಿಕೊಳ್ಳಲೂ ಹೆದರುತ್ತಿದ್ದೆ. ಆಗಲಿ, ಮಾತು ಕೊಟ್ಟೆ. ಆದರೆ ಷರತ್ತು ಕೇಳು. ಆಟೋ ಹತ್ತಬಾರದು. ಯಲಗೂರಪ್ಪ ಜತೆಗೆ ಬರಬಾರದು. ಒಂದು ಕೂಸನ್ನು ನೆರೆಮನೆಯಲ್ಲಿ ಬಿಟ್ಟು ಹೋಗಿ ಇಬ್ಬರೂ ಬಂದಿದ್ದರು ಎನ್ನಬಾರದು. ತಂದದ್ದನ್ನು ಅಡುಗೆ ಮಾಡಿ, ನಮ್ಮ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ನೀನು ಉಂಡಿರಬೇಕು. ದಶಲಕ್ಷಣದವರೆಗೆ ಸಮಯ. ಆಗದಿದ್ದರೆ ಕುಂಚಿಗೆ ತೆಗೆದುಕೊಂಡು ಬರುತ್ತೇನೆ, ಅಳದೆ ಕೊಡಬೇಕು.

ಇನ್ನೂ ಒಂದು ಮಾತಿತ್ತು ಎಂದು ಬರೆದು ಬಿಟ್ಟಿದ್ದೀ. ಅದೇನೆಂದು ನಾನು ವಿಚಾರಿಸುವುದಿಲ್ಲ.

ರತ್ನಮಾಲಾ


ಇಚಲಕರಂಜಿ
೨೫ ಜುಲೈ ೨೦೨೫

ಅತ್ತೆಯವರಿಗೆ ನಮಸ್ಕಾರ.

ಇವತ್ತು ಹೋಗಿದ್ದೆ. ಸೋತು ಬಂದೆ.

ಇವರ ಗೆಳೆಯರೊಬ್ಬರ ಮನೆಯಿಂದ ಎರಡು ಕೂಸು ಕೂರುವ ತಳ್ಳುಗಾಡಿ ತರಿಸಿದ್ದೆ. ನೋಡಲು ರಾಜರ ರಥ. ನಮ್ಮ ಮೆಟ್ಟಿಲಿಗೆ ಅದು ಅಡ್ಡವೂ ಹಿಡಿಸಲಿಲ್ಲ, ಉದ್ದವೂ ಹಿಡಿಸಲಿಲ್ಲ. ಗಾಡಿ ಮೊದಲು ಇಳಿಸಿದರೆ ಕೂಸುಗಳು ಮೇಲೆ, ಒಬ್ಬಳನ್ನು ಇಳಿಸಿದರೆ ಇನ್ನೊಬ್ಬಳು ಮೇಲೆ. ಹನ್ನೊಂದು ಮೆಟ್ಟಿಲನ್ನು ಆರು ಸಲ ಹತ್ತಿ ಇಳಿದೆ. ಓಣಿ ದಾಟುವಷ್ಟರಲ್ಲಿ ಒಂದು ಗಾಲಿ ಗಟಾರದ ಜಾಳಿಗೆಯಲ್ಲಿ ಸಿಕ್ಕಿತು, ಮೇಲಿಂದ ಮಳೆ ಹಿಡಿಯಿತು. ಪೂರ್ವಾ ಅತ್ತಳು, ಅವಳನ್ನು ನೋಡಿ ಸನ್ಮತಿ ಅತ್ತಳು, ಇಬ್ಬರನ್ನೂ ನೋಡಿ ನಾನು ಅತ್ತೆ. ಗಾಲಿ ಎತ್ತಿಕೊಟ್ಟ ಹೆಂಗಸೊಬ್ಬಳು, "ಮನ್ಯಾಗ ಯಾರೂ ಇಲ್ಲೇನ ತಂಗಿ?" ಎಂದು ಕೇಳಿದಳು.

ಮೂಲೆಯ ಅಂಗಡಿಯಲ್ಲಿ ಒಂದು ಪಾಕೀಟು ಉಪ್ಪು ಕೊಂಡು ಮರಳಿದೆ. ಎಲ್ಲವನ್ನೂ ತಂದೆ ಎಂದು ಬರೆಯಬಹುದಿತ್ತು, ನೋಡಿದವರು ಯಾರು? ಬರೆಯಲು ಕೈ ಬರಲಿಲ್ಲ. ಇನ್ನೂ ದಿನಗಳಿವೆ. ದಯವಿಟ್ಟು ಕಾಯಿರಿ.

ರುಪಾಲಿ


ಗಡಹಿಂಗ್ಲಜ
೫ ಆಗಸ್ಟ್ ೨೦೨೫

ರುಪಾಲಿಗೆ ಆಶೀರ್ವಾದ.

ನಿಜ ಬರೆದೆ. ಅದು ನನ್ನ ಮನಸ್ಸಿಗೆ ಹಿಡಿಸಿತು.

ನೀನು ಉಪ್ಪನ್ನಾದರೂ ತಂದೆ. ನಾನು ಅದನ್ನೂ ತರಲಿಲ್ಲ. ಅಭಯ, ಧೀರಜ ಐದು ತಿಂಗಳಿನವರಿದ್ದಾಗ ನಾನೂ ಒಂದು ದಿನ ಹಟ ಹಿಡಿದು ಇಬ್ಬರನ್ನೂ ಸೊಂಟಕ್ಕೆ ಏರಿಸಿಕೊಂಡು ಹೊರಟಿದ್ದೆ. ದಾರಿಯ ಬೇವಿನ ಮರದ ತನಕ ಹೋದೆ. ತೋಳು ಸೋತವು, ಕಟ್ಟೆಯ ಮೇಲೆ ಕೂತೆ, ಅಲ್ಲಿಂದಲೇ ತಿರುಗಿ ಬಂದೆ. ನನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮುಂದಿನ ಸೋಮವಾರ ನನ್ನ ತಮ್ಮ ಮುರಗೂಡದಿಂದ ಬಂದ.

ಆಗದ ಕೆಲಸ ಆಗದು, ಮಗಳೇ. ಅದನ್ನು ತಿಳಿದುಕೊಂಡರೆ ಮನಸ್ಸಿಗೆ ಸಮಾಧಾನ. ಮೂವತ್ತಮೂರು ವರ್ಷದಿಂದ ನಾನು ಅದರ ಮೇಲೆಯೇ ಮಲಗಿ ಎದ್ದಿದ್ದೇನೆ. ಪರ್ವದ ಮೊದಲು ಬರುತ್ತೇನೆ, ದಿನ ಹೇಳುವುದಿಲ್ಲ. ಕೂಸಿನ ನಾಲ್ಕು ಅರಿವೆ ಕಟ್ಟಿಡು.

ರತ್ನಮಾಲಾ


ಇಚಲಕರಂಜಿ
೨೨ ಆಗಸ್ಟ್ ೨೦೨೫, ಶುಕ್ರವಾರ

ಅತ್ತೆಯವರಿಗೆ ರುಪಾಲಿಯ ಸಾಷ್ಟಾಂಗ ನಮಸ್ಕಾರ.

ತಂದೆ! ಅಕ್ಕಿ, ತೊಗರಿಬೇಳೆ, ಬೆಲ್ಲ, ಶೇಂಗಾ, ಉಪ್ಪು, ಜೋಳದ ಹಿಟ್ಟು. ಎಲ್ಲ ಡಬ್ಬಿಗಳಲ್ಲಿ ಕೂತಿವೆ. ನಾನು ಎದ್ದು ಎದ್ದು ಮುಚ್ಚಳ ತೆಗೆದು ನೋಡುತ್ತಿದ್ದೇನೆ, ನಿಜವೋ ಸುಳ್ಳೋ ಎಂದು.

ಗಾಡಿಯನ್ನು ಹಿಂದಿರುಗಿಸಿದ ದಿನ ಯಲಗೂರಪ್ಪಜ್ಜ ನನ್ನ ಮೋರೆ ನೋಡಿ, "ನಮ್ಮ ಕಡೆ ಹತ್ತಿ ಬಿಡಸೂ ಹೆಣಮಕ್ಕಳು ಗಾಡಿ ತಳ್ಳತಾರೇನ್ರಿ? ಅರಬಿ ಕಟಗೋತಾರ. ನಿಮ್ಮನ್ಯಾಗ ಅರಬಿಗೇನ ಬರ ಐತಿ?" ಎಂದ. ನನಗೆ ನಾಚಿಕೆಯಾಯಿತು. ಹಗಲೂ ರಾತ್ರಿ ಬಟ್ಟೆ ನೇಯುವ ಮನೆಯಲ್ಲಿ ಕೂತು ಕಬ್ಬಿಣದ ಗಾಡಿ ಹುಡುಕಿದ್ದೆ. ನಮ್ಮದೇ ಮಗ್ಗದ, ಬಣ್ಣ ಹಾಕದ ಕೋರಾ ಬಟ್ಟೆ ಹತ್ತು ಮೊಳ ಹರಿದುಕೊಂಡೆ. ಎರಡು ದಿಂಬು ಕಟ್ಟಿಕೊಂಡು ಹದಿನೈದು ದಿನ ಮೆಟ್ಟಿಲು ಹತ್ತಿ ಇಳಿದೆ. ಇವತ್ತು ಬೆನ್ನಿಗೆ ಸನ್ಮತಿ, ಎದೆಗೆ ಪೂರ್ವಾ, ಕೈಯಲ್ಲಿ ಚೀಲ.

ಅತ್ತೆ, ಏನೆಂದು ಹೇಳಲಿ! ಎರಡು ವರ್ಷದಿಂದ ಓಡಾಡಿದ ಬಜಾರು ಇವತ್ತು ಬೇರೆಯೇ ಊರಾಗಿತ್ತು. ತರಕಾರಿಯವಳು ತಕ್ಕಡಿ ಕೈಯಲ್ಲಿ ಹಿಡಿದೇ ನಿಂತಳು. ಮೋಟರ್ ಸೈಕಲ್ಲಿನವನು ಹಾರ್ನ್ ಒತ್ತಲು ಹೋದವನು ಬಿಟ್ಟು ಕಾಲೂರಿ ನಿಂತ, ಅವನ ಹಿಂದಿನವರೆಲ್ಲ ನಿಂತರು. ಒಬ್ಬ ಮುದುಕ ಟೊಪ್ಪಿಗೆ ತೆಗೆದು ಕೈ ಮುಗಿದ. ನನಗೋ, ಕೂಸುಗಳಿಗೋ, ಆತನ ಎದುರಿಗಿದ್ದ ಯಾವ ದೇವರಿಗೋ, ನನಗೆ ತಿಳಿಯಲಿಲ್ಲ. ಎದೆಯಲ್ಲಿ ಒಂದು ಗುಂಡಿಗೆ ಡಬ್ ಡಬ್ ಎನ್ನುತ್ತದೆ, ಬೆನ್ನಲ್ಲಿ ಇನ್ನೊಂದು, ನಡುವೆ ನನ್ನದು. ಯಾವುದು ಯಾರದೆಂದು ಸ್ವಲ್ಪ ಹೊತ್ತು ನನಗೇ ಗೊತ್ತಾಗಲಿಲ್ಲ. ಇವು ನನ್ನ ಹೊಟ್ಟೆಯಲ್ಲಿ ಇದ್ದವೇ ಎಂದು ನಡುರಸ್ತೆಯಲ್ಲಿ ಮೈ ಜುಮ್ಮೆಂದಿತು.

ಕುಂಥುನಾಥರ ಕಿರಾಣಿ ಅಂಗಡಿಗೆ ಐದು ಮೆಟ್ಟಿಲು. ಅವರ ತಾಯಿ ಮಾಣಿಕಬಾಯಿ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದವರು ಮೊರ ಬಿಟ್ಟು ಎದ್ದರು. "ಅಗ ಬಾಯಿ ಗ! ಹಿಂದೊಂದು ಮುಂದೊಂದು! ದೋಘೀ ಸಾರಖ್ಯಾಚ! ಇಬ್ಬರೂ ಒಂದ ನಮೂನಿ! ಎಲ್ಲಿಂದ ಬಂದಿ ತಾಯಿ ನೀ?" ಕುಂಥುನಾಥರು ನನ್ನನ್ನು ಹಾಗೆಯೇ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಆಮೇಲೆ ಕೂಸುಗಳನ್ನು ಇಳಿಸಿ ನನ್ನೊಬ್ಬಳನ್ನೇ ನಿಲ್ಲಿಸಿದರು. "ಹದಿಮೂರ ಕಿಲೋ ಹೊತಗೊಂಡ ಬಂದೀರಿ ವೈನಿ. ನಮ್ಮ ಹಮಾಲ ಇಷ್ಟ ಎತ್ತೂ ಮೊದಲ ಎರಡ ಸಲ ಚಾ ಕುಡೀತಾನ" ಎಂದು ನಕ್ಕರು.

ಸನ್ಮತಿಯನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು ಬೇಳೆ ಆರಿಸಲು ಬಗ್ಗಿದೆ. ಮಾಣಿಕಬಾಯಿ ಪೂರ್ವಾಳನ್ನು ಎತ್ತಿಕೊಂಡು ಸೊಸೆಯಂದಿರಿಗೆ ತೋರಿಸಲು ಪರದೆಯ ಒಳಗೆ ಹೋದರು. ಆಗ ಬೆನ್ನ ಮೇಲೆ ಸನ್ಮತಿಯ ಮೈ ಕಟ್ಟಿಗೆಯಾಯಿತು. ಅಳಲಿಲ್ಲ, ಕೈಕಾಲು ಬಡಿಯಲಿಲ್ಲ, ಉಸಿರನ್ನೇ ಹಿಡಿದಿದ್ದಳು. ಅವಳ ಮುಖ ನನಗೆ ಕಾಣುವುದಿಲ್ಲವಲ್ಲ. ಹೆದರಿ, "ಆಯಿ, ಲಗೂ ಹೊರಗ ಬರ್ರೀ" ಎಂದು ಕೂಗಿದೆ. ಪೂರ್ವಾ ಪರದೆ ದಾಟಿ ಬಂದ ಕೂಡಲೇ ಬೆನ್ನ ಮೇಲೆ ಉಸ್ಸೆಂದು ಉಸಿರು ಬಿಟ್ಟಳು. ಆ ಬಿಸಿ ಉಸಿರು ನನ್ನ ಕುತ್ತಿಗೆಗೆ ಈಗಲೂ ತಾಗಿದ ಹಾಗಿದೆ.

ಅದಾದ ಮೇಲೆ ಇಬ್ಬರೂ ಶುರುಮಾಡಿದರು ನೋಡಿ! ಅಂಗಡಿಯೆಲ್ಲ ಒಂದೇ ಗದ್ದಲ. ಇನ್ನೇನು ಬೀಸಲು ಕೊಟ್ಟ ಜೋಳ ಬಿಟ್ಟು ಓಡಬೇಕು, ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿ ಶುರುವಾಯಿತು. ಗಡಗಡ, ಖಟಖಟ, ನೆಲ ನಡುಗುವ ಸದ್ದು. ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು, ಒಟ್ಟಿಗೆ ಆಕಳಿಸಿದರು, ಒಟ್ಟಿಗೆ ಮಲಗಿದರು. ಶುಕ್ರವಾರ ನಿಂತ ಅವರ ಮಗ್ಗ ಅಲ್ಲಿ ಸಿಕ್ಕಿತ್ತು. ಗಿರಣಿಯವರು ಕೈಸನ್ನೆ ಮಾಡಿ, "ಇನ್ನೊಂದ ಪಾಯಲಿ ಜ್ವಾಳ ಬೀಸಲಿ ಏನ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು.

ಬರುವಾಗ ಒಂದು ವಿಚಿತ್ರ ನಡೆಯಿತು. ಚೌಕು ದಾಟುವ ಗದ್ದಲದಲ್ಲಿ ನನ್ನ ಬಲಗೈ ಮರಗಟ್ಟಿತ್ತು, ಚೀಲ ಬಿತ್ತು ಎನ್ನುವಾಗ ಅದು ತಾನಾಗಿ ಹಗುರಾಯಿತು. ರಸ್ತೆ ದಾಟಿ ಆ ಬದಿಗೆ ಮುಟ್ಟುವ ತನಕ ಹಗುರಾಗಿಯೇ ಇತ್ತು. ಬೆನ್ನ ಮೇಲಿನ ಸನ್ಮತಿ ಎಚ್ಚರಾಗಿ ಹಿಂದೆ ಯಾರನ್ನೋ ನೋಡಿ ಕಿಲಕಿಲ ನಗುತ್ತಿದ್ದಳು. ಹಿಂದೊಂದು ಮುಂದೊಂದು ಕಟ್ಟಿಕೊಂಡವಳಿಗೆ ತಿರುಗಿ ನೋಡುವುದು ಸುಲಭವಲ್ಲ. ಕಷ್ಟಪಟ್ಟು ತಿರುಗಿದಾಗ ಬರೀ ಜನ.

ಬಿಸಿ ಆರದ ಹಿಟ್ಟಿನ ರೊಟ್ಟಿ ಬಡಿದು ಹೊತ್ತು ಮುಳುಗುವ ಮೊದಲೇ ಉಂಡೆ. ನಿಮ್ಮ ಷರತ್ತೆಲ್ಲ ತೀರಿತು. ನೀವು ಇವತ್ತು ಬರಬಹುದು, ನಾಳೆ ಬರಬಹುದು ಎಂದು ಎಂಟು ದಿನದಿಂದ ಬಾಗಿಲು ನೋಡುತ್ತಿದ್ದೇನೆ. ಅರಿವೆ ಕಟ್ಟಿಟ್ಟಿಲ್ಲ. ನಿಮ್ಮ ಮಾತು ಉಳಿಸಿಕೊಳ್ಳುತ್ತೀರಿ ಎಂದು ನಂಬಿದ್ದೇನೆ.

ನಿಮ್ಮ ಸೊಸೆ,
ರುಪಾಲಿ


ಕೊಲ್ಹಾಪುರ, ಧೀರಜನ ಮನೆ
೨೩ ಆಗಸ್ಟ್ ೨೦೨೫

ಜೈ ಜಿನೇಂದ್ರ.

ರುಪಾಲಿಗೆ ನಮಸ್ಕಾರ. ಹೌದು, ನಮಸ್ಕಾರವೇ. ತಪ್ಪು ಬರೆದಿಲ್ಲ.

ನೀನು ನನಗೆ ಕಾಗದ ಬರೆದಿರಬಹುದು, ಅದು ಗಡಹಿಂಗ್ಲಜದಲ್ಲಿ ಬಿದ್ದಿರುತ್ತದೆ. ಓದುವ ಅಗತ್ಯವಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ನಿನ್ನೆ ನೆರೆಮನೆಯ ಕಲ್ಲವ್ವನಿಗೆ ನಿನ್ನ ಮಾವನವರ ಊಟ ಒಪ್ಪಿಸಿ, ಕುಂಚಿಗೆ ಚೀಲಕ್ಕೆ ಹಾಕಿಕೊಂಡು ಇಚಲಕರಂಜಿಗೆ ಬಂದಿದ್ದೆ, ಕೂಸು ಒಯ್ಯಲು.

ಬಸ್ಸಿಳಿದು ಬಜಾರಿನ ದಾರಿ ಹಿಡಿದೆ. ಒಂದು ಕಡೆ ಜನ ಎರಡೂ ಬದಿಗೆ ಸರಿಯುತ್ತಿದ್ದರು. ಕಿವಿ ಕೇಳದವಳಿಗೆ ಮೊದಲು ಜನರ ಮುಖ ಕಾಣುತ್ತದೆ. ಎಲ್ಲರ ಬಾಯಿ ತೆರೆದಿತ್ತು. ಮಂತ್ರಿ ಬಂದನೋ ಮುನಿಗಳು ಬಂದರೋ ಎಂದು ನಾನೂ ಸರಿದು ನಿಂತೆ. ನಡುವೆ ನೀನು ಬಂದೆ. ಹಿಂದೊಂದು, ಮುಂದೊಂದು, ಕೈಯಲ್ಲಿ ಚೀಲ. ಹಣೆಯ ಮೇಲೆ ಬೆವರು, ತಲೆ ಎತ್ತಿಕೊಂಡೇ ನಡೆಯುತ್ತಿದ್ದೆ.

ಕೂಗದೆ ನಿನ್ನ ಹಿಂದೆಯೇ ನಡೆದೆ. ನೀನು ಕಿರಾಣಿ ಅಂಗಡಿ ಹತ್ತಿದಾಗ ನಾನು ಎದುರು ಬಾಳೆಹಣ್ಣಿನವನ ಕೊಡೆಯ ಕೆಳಗೆ ನಿಂತೆ. ಆ ಮುದುಕಿ ಪೂರ್ವಾಳನ್ನು ಒಳಗೆ ಒಯ್ದಳಲ್ಲ, ಆಗ ಪರದೆಯತ್ತ ಹೊರಳಿದ, ನಿನಗೆ ಕಾಣದ ಸನ್ಮತಿಯ ಮುಖ ನನಗೆ ಓರೆಯಾಗಿ ಕಂಡಿತು. ರು‍ಪಾಲಿ, ಆ ಮುಖವನ್ನು ನಾನು ಮೊದಲೇ ನೋಡಿದ್ದೆ. ಧೀರಜನನ್ನು ನನ್ನ ತಮ್ಮ ಎತ್ತಿಕೊಂಡು ಹೋದ ದಿನ ಅಭಯ ತೊಟ್ಟಿಲಿನಿಂದ ಬಾಗಿಲನ್ನು ಹೀಗೆಯೇ ನೋಡುತ್ತಿದ್ದ. ಅಳಲಿಲ್ಲ. ಎಂಟು ದಿನ ನೋಡಿದ. ಕೂಸು ಸಮಾಧಾನವಾಗಿದೆ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ನಿನ್ನ ಪೂರ್ವಾ ಅರ್ಧ ಮಿನಿಟಿಗೆ ತಿರುಗಿ ಬಂದಳು. ನನ್ನವನಿಗೆ ಹತ್ತು ವರ್ಷ ಹಿಡಿಯಿತು.

ಆಮೇಲೆ ಇಬ್ಬರೂ ಅತ್ತರು, ಬಾಯಿಯ ಆಕಾರದಿಂದ ತಿಳಿಯಿತು. ಪಕ್ಕದ ಗಿರಣಿಯ ಪಟ್ಟೆ ತಿರುಗತೊಡಗಿತು. ನನಗೆ ಸದ್ದಿಲ್ಲ, ಕಾಲಡಿಯ ನೆಲ ಮಾತ್ರ ನಡುಗಿತು. ಇಬ್ಬರೂ ಕಣ್ಣು ಮುಚ್ಚಿದರು. ಯಾವ ಮಂತ್ರ ಹಾಕಿದಳಪ್ಪಾ ಎಂದು ಮೊದಲು ಬೆರಗಾದೆ. ಆಮೇಲೆ ನಿನ್ನ ಕಾಗದದ ಮಗ್ಗ ನೆನಪಾಯಿತು. ನೀನು ಬರೆಯದೆ ಬಿಟ್ಟ ಮಾತೂ ನೆನಪಾಯಿತು. ಕೂಸು ಅತ್ತರೆ ಅತ್ತೆಗೆ ಕೇಳಿಸುವುದಿಲ್ಲ ಎಂದು ಬರೆಯಬೇಕಿತ್ತು, ಅಲ್ಲವೇ? ನನಗದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕುಂಚಿಗೆ ಹೊಲಿದೆ. ಈ ಸಲ ಸರಿಯಾಗಿ ಸಾಕಿದರೆ ಹಳೆಯದು ಸರಿಹೋದೀತು ಎಂಬ ಆಸೆ. ನನ್ನ ಆಸೆಗೆ ನಿನ್ನ ಕೂಸನ್ನು ಕೇಳಿದೆ. ತಪ್ಪಾಯಿತು.

ಚೌಕದಲ್ಲಿ ನಿನ್ನ ಕೈ ಸೋಲುವುದು ಕಂಡಿತು. ಗದ್ದಲದಲ್ಲಿ ಹಿಂದಿನಿಂದ ಚೀಲದ ತಳಕ್ಕೆ ಕೈ ಕೊಟ್ಟೆ. ಹನ್ನೆರಡು ಹೆಜ್ಜೆ. ಸನ್ಮತಿ ನನ್ನ ಗುರುತು ಹಿಡಿದಳೋ, ನನ್ನ ಮೂಗುಬೊಟ್ಟು ಹೊಳೆಯಿತೋ, ನಕ್ಕಳು. ಆ ಹನ್ನೆರಡು ಹೆಜ್ಜೆಯಲ್ಲಿ ನನಗೆ ಆದ ಸಂತೋಷ ಯಾವ ತೀರ್ಥಯಾತ್ರೆಯಲ್ಲೂ ಆಗಿಲ್ಲ. ಆ ಬದಿಗೆ ಮುಟ್ಟಿದ ಮೇಲೆ ಬಿಟ್ಟೆ. ನಿನ್ನ ಮುಂದೆ ಬಂದು ನಿಲ್ಲುವ ಮುಖ ನನಗಿರಲಿಲ್ಲ.

ಮೂವತ್ತಮೂರು ವರ್ಷ ನಾನು ಹೇಳಿಕೊಂಡು ಬಂದದ್ದು ಒಂದೇ ಮಾತು: ಎರಡು ಕೂಸು ಒಬ್ಬಳ ಕೈಯಿಂದ ಆಗದು. ಆಗದು ಎಂದಿದ್ದರೆ ಕೊಟ್ಟದ್ದು ತಪ್ಪಲ್ಲ. ನಿನ್ನೆ ಅದು ಆಗುವುದನ್ನು ನೋಡಿದೆ. ಎದೆ ಒಡೆಯಿತು, ಅದೇ ಹೊತ್ತಿಗೆ ಕೈ ಎತ್ತಿ ಮುಗಿಯಬೇಕೆನಿಸಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಬಸ್ ಸ್ಟ್ಯಾಂಡಿಗೆ ಬಂದು ಕೊಲ್ಹಾಪುರದ ಬಸ್ಸು ಹತ್ತಿದೆ. ಧೀರಜ ಬಾಗಿಲು ತೆರೆದು, "ಅಕ್ಕಾ, ನೀವಾ? ಒಬ್ಬರೇ?" ಎಂದದ್ದು ತುಟಿಯಲ್ಲಿ ಓದಿದೆ. ಕರೆಯದೆ ಅವನ ಮನೆಗೆ ನಾನು ಹೋದದ್ದು ಇದೇ ಮೊದಲು. ಅವನಿಗೆ ಏನೇನು ಹೇಳಿದೆ ಎಂಬುದನ್ನು ಬರೆಯುವುದಿಲ್ಲ. ಕುಂಚಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಅದರ ಅಂಚು ಸವರುತ್ತ ಕೂತಿದ್ದ. ಆಮೇಲೆ ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಬರೆದು ನನ್ನ ಮುಂದೆ ಇಟ್ಟ: "ನಾನು ಈಗಲೂ ಮಲಗುವಾಗ ಎಡಗಡೆ ಒಂದು ಗೇಣು ಜಾಗ ಬಿಡುತ್ತೇನೆ. ಯಾಕೆಂದು ಮನೀಷಾ ಕೇಳುತ್ತಾಳೆ. ನನಗೆ ಗೊತ್ತಿರಲಿಲ್ಲ." ತೊಟ್ಟಿಲಲ್ಲಿ ಅಭಯ ಮಲಗುತ್ತಿದ್ದುದು ಅವನ ಎಡಕ್ಕೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಇವತ್ತು ಮಧ್ಯಾಹ್ನ ಅವನೇ ಗಡಹಿಂಗ್ಲಜಕ್ಕೆ ಬಿಟ್ಟುಬರುತ್ತಾನಂತೆ. ನಾನು ಮಾತು ಉಳಿಸಿಕೊಂಡಿದ್ದೇನೆ, ಇನ್ನು ಕೂಸು ಕೇಳುವುದಿಲ್ಲ. ಕುಂಚಿಗೆ ಒಂದೇ ಇದೆ. ಎರಡನೆಯದಕ್ಕೆ ನಿಮ್ಮ ಮಗ್ಗದ ಬಟ್ಟೆ ಒಂದು ಮೊಳ ತೆಗೆದಿಡು. ಮುಂದಿನ ಶುಕ್ರವಾರ ಕಲ್ಲವ್ವನಿಗೆ ಹೇಳಿ ಬರುತ್ತೇನೆ, ನನ್ನನ್ನೂ ಸಂತೆಗೆ ಕರೆದುಕೊಂಡು ಹೋಗು. ಕೂಸುಗಳನ್ನು ನೀನೇ ಹೊರು. ಚೀಲ ನನಗೆ ಕೊಡು.

ನಿನ್ನ ಅತ್ತೆ,
ರತ್ನಮಾಲಾ


ಇಚಲಕರಂಜಿ
೨೬ ಆಗಸ್ಟ್ ೨೦೨೫

ಅತ್ತೆ,

ಧೀರಜ ಭಾವ ಮೊನ್ನೆ ಸೂರತ್ತಿಗೆ ಫೋನು ಮಾಡಿದ್ದರಂತೆ. ಹಬ್ಬಕ್ಕೊಮ್ಮೆ ಎರಡು ಮಾತಾಡುವ ಅಣ್ಣತಮ್ಮಂದಿರು ಒಂದು ತಾಸು ಮಾತಾಡಿದರಂತೆ. ಆಮೇಲೆ ಇವರು ನನಗೆ ಫೋನು ಮಾಡಿದರು, ಏನು ಮಾತಾಡಿದರೆಂದು ಹೇಳಲಿಲ್ಲ. ಫೋನು ಇಡುವಾಗ ಒಂದೇ ಒಂದು ಮಾತು ಹೇಳಿದರು: "ರುಪಾಲಿ, ಇಬ್ಬರನ್ನೂ ಒಂದ ತೊಟ್ಟಲದಾಗ ಹಾಕ. ಎರಡ ತೊಟ್ಟಲ ಬ್ಯಾಡ." ಒಂದರಲ್ಲಿಯೇ ಹಾಕುತ್ತಿದ್ದೇನೆ ಎಂದೆ. ಆಮೇಲೂ ಇವರು ಫೋನು ಇಡಲಿಲ್ಲ. ಫೋನನ್ನು ತೊಟ್ಟಿಲೊಳಗೆ ಹಿಡಿದೆ, ಕೂಸುಗಳ ಉಸಿರು ಕೇಳಿದರು.

ಬಟ್ಟೆ ಒಂದು ಮೊಳ ತೆಗೆದಿಟ್ಟಿದ್ದೇನೆ. ನಿಮ್ಮ ಕಾಗದ ಓದುವಾಗ ನಾನು ಎಷ್ಟು ಸಲ ಅತ್ತೆ, ಎಷ್ಟು ಸಲ ನಕ್ಕೆ ಎಂದು ಕೇಳಬೇಡಿ. ನನ್ನ ಶಕ್ತಿಗೇ ಚೀಲ ಹಗುರಾಯಿತು ಎಂದುಕೊಂಡು ನಾಲ್ಕು ದಿನ ಜಂಬದಿಂದ ಓಡಾಡಿದ್ದೆ. ಯಲಗೂರಪ್ಪಜ್ಜನಿಗೂ ಹೇಳಿಕೊಂಡಿದ್ದೆ. ಅದು ನಿಮ್ಮ ಕೈ ಎಂದು ಇವತ್ತು ಹೇಳಿದರೆ, "ಹೌದಲ್ರಿ, ಹಗರ ಆತಂದ್ರ ಹಿಂದ ಯಾರರೆ ಇದ್ದಾರು ಅನಬೇಕಲ್ರಿ" ಎಂದು ಮಗ್ಗದ ಕಡೆ ತಿರುಗಿದ.

ಶುಕ್ರವಾರ ಬೇಗ ಬನ್ನಿ. ಚೀಲ ಒಗೆದು ಬಾಗಿಲ ಮೊಳೆಗೆ ಹಾಕಿದ್ದೇನೆ. ಈ ಸಲ ಹಿಂದೆ ಬರಬೇಡಿ, ಪಕ್ಕದಲ್ಲಿ ನಡೆಯಿರಿ.

ನಿಮ್ಮ
ರುಪಾಲಿ, ಸನ್ಮತಿ, ಪೂರ್ವಾ